ಅಂಕಿಯಣ್ಣನ ಒಂಬತ್ತು ಬಿಲ್ಲೆಗಳು

ನನ್ನ ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಸಾಮಾನು ಅಂತ ಇರುವುದು ಒಂದೇ. ಬೀಗ, ಚಿಲಕ, ಮೊಳೆ, ತಿರುಪು, ಬಾಗಿಲ ಹಿಡಿ ಎಲ್ಲವೂ ಬೆಲೆ ಕುದುರಿದರೆ ಹೋಗಲೇಬೇಕು. ಗಿರಾಕಿ ಗಟ್ಟಿಗನಾದರೆ ನಾನು ಕೂತಿರುವ ಸ್ಟೂಲನ್ನೂ ಕೊಟ್ಟು ನಿಂತುಕೊಂಡೇನು. ಗಲ್ಲಾದ ಹಿಂದಿನ ಗೋಡೆಯಲ್ಲಿರುವ ಹಲಗೆಯೊಂದನ್ನು ಮಾತ್ರ ಕೊಡುವುದಿಲ್ಲ. ಅದರ ಮೇಲೆ ಕಡುನೀಲಿ ಎನಾಮಲ್ ಬಿಲ್ಲೆಗಳು ಸಾಲಾಗಿವೆ. ಒಂದೊಂದರಲ್ಲಿ ಒಂದೊಂದು ಬಿಳಿ ಅಂಕಿ. ಮನೆ ನಂಬರು ಅಂತ ಬಾಗಿಲ ಪಕ್ಕ ಹೊಡೆಯುತ್ತಾರಲ್ಲ, ಅಂಥವು.

ಹೊಸಬರು ಹಲಗೆಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ.

"ಏನ್ರೀ ಇದು? ಮೂರು, ಎಂಟು, ಒಂದು, ಆರು... ಎಲ್ಲರೂ ಒಂದರಿಂದ ತಾನೆ ಎಣಿಸೋದು?"

"ಎಲ್ಲರೂ ಒಂದರಿಂದ ಎಣಿಸ್ತಾರೆ. ನಮ್ಮ ಅಂಕಿಯಣ್ಣ ಮೂರರಿಂದ."

ಈ ಬಿಲ್ಲೆಗಳನ್ನು ಮಾಡಿದವನು ಅಂಕಿಯಣ್ಣ. ಹೆಂಡತಿ ಕೂಡ ಪರರ ಮುಂದೆ ಅವನನ್ನು ಹಾಗೇ ಕರೆಯುತ್ತಿದ್ದಳು. ಅವನ ನಿಜವಾದ ಹೆಸರು ಅವಳಿಗಾದರೂ ನೆನಪಿತ್ತೋ ಇಲ್ಲವೋ, ನನಗೆ ಅನುಮಾನ. ಮನೆಯ ಹಿಂದೆ ಒಂದೇ ಕಿಟಕಿಯ ಕೋಣೆ, ಅದೇ ಕಾರ್ಖಾನೆ. ಒಂದು ಮೂಲೆಯಲ್ಲಿ ಕರೆಂಟಿನ ಭಟ್ಟಿ, ಕಿಟಕಿಯ ಕೆಳಗೆ ಉದ್ದನೆಯ ಬೆಂಚು. ತಗಡು ಕತ್ತರಿಸುವುದು, ಉಜ್ಜಿ ತೊಳೆಯುವುದು, ಗಾಜಿನ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯುವುದು, ಒಣಗಿದ ಮೇಲೆ ಭಟ್ಟಿಗೆ ಇಡುವುದು. ಕೆಂಪಗೆ ಕಾದು ಹೊರಬಂದ ತಗಡು ಆರುತ್ತ ಆರುತ್ತ ನೀಲಿಗೆ ತಿರುಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವ್ಯಾಪಾರದ ಮಾತಾಡಲು ಹೋಗಿ, ಮಾತು ಮರೆತು ಬಂದಿದ್ದೇನೆ.

ಅವನಿಗೆ ಅಂಕಿ ಎಂದರೆ ಮನುಷ್ಯರ ಹಾಗೆ. ಒಮ್ಮೆ ನಾನು ವ್ಯಾಪಾರಿ ಬುದ್ಧಿಯಿಂದ, "ಆರನ್ನ ತಿರುಗಿಸಿದರೆ ಒಂಬತ್ತು. ಎರಡೆರಡು ಯಾಕೆ ಮಾಡ್ತೀಯ? ಒಂದನ್ನೇ ಮಾಡು, ಬೇಕಾದ ಹಾಗೆ ಮೊಳೆ ಹೊಡ್ಕೊಳ್ಳಲಿ" ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

"ಸಾವ್ಕಾರ್ರೆ, ನಿಮ್ಮನ್ನ ತಲೆಕೆಳಗೆ ನೇತುಹಾಕಿದರೆ ಬೇರೆ ಸಾವ್ಕಾರ್ರು ಆಗ್ತೀರಾ? ತಲೆಕೆಳಗಾದ ಸಾವ್ಕಾರ್ರೇ ತಾನೆ?"

ಅಂದಿನಿಂದ ಆರಕ್ಕೂ ಒಂಬತ್ತಕ್ಕೂ ಅಂಗಡಿಯಲ್ಲಿ ಬೇರೆ ಬೇರೆ ಡಬ್ಬಿ ಇಟ್ಟೆ.

ಹಲಗೆಯ ಕಥೆ ಇಷ್ಟು. ಅಂಗಡಿ ದೊಡ್ಡದು ಮಾಡಿದಾಗ, ಗಿರಾಕಿಗಳಿಗೆ ತೋರಿಸಲು ಒಂದರಿಂದ ಒಂಬತ್ತರವರೆಗೆ ಒಂದೊಂದು ಬಿಲ್ಲೆ ಹಲಗೆಗೆ ಹೊಡೆದುಕೊಡು ಎಂದಿದ್ದೆ.

"ಸೊನ್ನೆ?" ಎಂದು ಕೇಳಿದ.

"ಸೊನ್ನೆ ಹೇಗಿರುತ್ತೆ ಅಂತ ಊರಿಗೇ ಗೊತ್ತು. ಅದಕ್ಕೆ ಯಾಕೆ ಜಾಗ ದಂಡ?"

ಕೆಲವು ದಿನ ಬಿಟ್ಟು ಹಲಗೆ ಹೊತ್ತುಕೊಂಡು ಬಂದ. ಕಾಗದ ಬಿಚ್ಚಿ ನೋಡಿದರೆ ಹೀಗಿತ್ತು: ಮೂರು, ಎಂಟು, ಒಂದು, ಆರು, ಐದು, ನಾಲ್ಕು, ಏಳು, ಎರಡು, ಒಂಬತ್ತು. ನನಗೆ ಮೈ ಉರಿಯಿತು.

"ಲೇ ಅಂಕಿಯಣ್ಣ, ಜೀವಮಾನವೆಲ್ಲ ಅಂಕಿ ಬರೆದೋನಿಗೆ ಒಂದು ಎರಡು ಮೂರು ಬರಲ್ವಾ?"

"ಸಿಟ್ಟಾಗಬೇಡಿ. ಆ ಕ್ಯಾಲ್ಕುಲೇಟರ್ ತಗೊಳ್ಳಿ" ಎಂದ. ಎಡ ಅಂಗೈಯಿಂದ ಬಿಲ್ಲೆಗಳ ಸಾಲನ್ನು ಮುಚ್ಚಿದ, ಮೊದಲನೆಯದೊಂದೇ ಕಾಣುವ ಹಾಗೆ. "ಮೂರು. ಒಂದಂಕಿ ಕಾಣ್ತಿದೆ, ಒಂದರಿಂದ ಭಾಗಿಸಿ."

"ಅದಕ್ಕೆ ಕ್ಯಾಲ್ಕುಲೇಟರ್ ಬೇರೆ ಬೇಕಾ?"

ಅಂಗೈ ಸ್ವಲ್ಪ ಸರಿಸಿದ. "ಈಗ ಎರಡಂಕಿ. ಮೂವತ್ತೆಂಟು. ಎರಡರಿಂದ ಭಾಗಿಸಿ."

ಹತ್ತೊಂಬತ್ತು. ಮತ್ತೆ ಸರಿಸಿದ. ಮೂರಂಕಿ, ಮುನ್ನೂರ ಎಂಬತ್ತೊಂದು, ಮೂರರಿಂದ. ನೂರ ಇಪ್ಪತ್ತೇಳು, ಶೇಷವಿಲ್ಲ. ನಾಲ್ಕಂಕಿ ಕಂಡಾಗ ನಾಲ್ಕರಿಂದ, ಐದು ಕಂಡಾಗ ಐದರಿಂದ. ಎಲ್ಲೂ ಚೂರು ಉಳಿಯಲಿಲ್ಲ. ಆರಕ್ಕೆ ಬರುವ ಹೊತ್ತಿಗೆ ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆ. ಏಳಂಕಿಯಾಯಿತು: ಮೂವತ್ತೆಂಟು ಲಕ್ಷದ ಹದಿನಾರು ಸಾವಿರದ ಐನೂರ ನಲವತ್ತೇಳು. ಏಳರಿಂದ ಭಾಗಿಸಿ ಗುಂಡಿ ಒತ್ತಿದೆ. ದಶಮಾಂಶದ ಚುಕ್ಕೆ ಬಂದೇ ಬರುತ್ತದೆ ಎಂದು ಕಾದೆ. ಬರಲಿಲ್ಲ. ಐದು ಲಕ್ಷದ ನಲವತ್ತೈದು ಸಾವಿರದ ಇನ್ನೂರ ಇಪ್ಪತ್ತೊಂದು, ಕತ್ತರಿಸಿಟ್ಟ ಹಾಗೆ. ಎಂಟೂ ಸರಿಹೋಯಿತು. ಕೊನೆಗೆ ಅಂಗೈ ಪೂರ್ತಿ ತೆಗೆದ. ಮೂವತ್ತೆಂಟು ಕೋಟಿ ಹದಿನಾರು ಲಕ್ಷದ ಐವತ್ತನಾಲ್ಕು ಸಾವಿರದ ಏಳುನೂರ ಇಪ್ಪತ್ತೊಂಬತ್ತು. ಒಂಬತ್ತರಿಂದ ಭಾಗಿಸಿದೆ. ಶೇಷವಿಲ್ಲ.

ಬೀಗ ಕೇಳಲು ಬಂದ ಗಿರಾಕಿಯೊಬ್ಬ ಕಾದು ಕಾದು ಹೊರಟುಹೋದ. ನಾನು ಕರೆಯಲಿಲ್ಲ. ನನ್ನ ವ್ಯಾಪಾರದ ಬದುಕಿನಲ್ಲಿ ಹಾಗಾದದ್ದು ಅದೇ ಮೊದಲು.

"ಹೀಗೆ ಬೇರೆ ಎಷ್ಟಿವೆ?" ಎಂದು ಕೇಳಿದೆ.

"ಈ ಒಂಬತ್ತು ಬಿಲ್ಲೆಯನ್ನ ಒಂದೊಂದು ಸಲವೇ ಬಳಸಿ ಜೋಡಿಸೋ ವಿಧ ಮೂರೂವರೆ ಲಕ್ಷಕ್ಕೂ ಮೇಲಿದೆ ಸಾವ್ಕಾರ್ರೆ. ಅಷ್ಟರಲ್ಲಿ ಇದೊಂದೇ. ಇನ್ನೊಂದಿಲ್ಲ."

"ಮೂರೂವರೆ ಲಕ್ಷವನ್ನೂ ಜೋಡಿಸಿ ನೋಡಿದೆಯಾ?"

"ಅಷ್ಟು ಹುಚ್ಚು ನನಗಿಲ್ಲ" ಎಂದು ನಕ್ಕ. "ಬಣ್ಣ ಒಣಗೋವರೆಗೆ ಭಟ್ಟಿಗೆ ಇಡೋ ಹಾಗಿಲ್ಲ. ಹಸಿ ಇದ್ದರೆ ಗುಳ್ಳೆ ಏಳುತ್ತೆ. ಆ ಹೊತ್ತಲ್ಲಿ ಬೆಂಚಿನ ಮೇಲೆ ಆಡ್ತಾ ಇರ್ತೀನಿ. ಇದು ಹೇಗೆ ಅಂದರೆ, ಜಗಳಗಂಟ ನೆಂಟರನ್ನ ಫೋಟೋಗೆ ಸಾಲಾಗಿ ಕೂರಿಸಿದ ಹಾಗೆ. ಐದಕ್ಕೆ ಮಧ್ಯದ ಕುರ್ಚಿಯೇ ಬೇಕು, ಬೇರೆ ಕಡೆ ಕೂರಿಸೋ ಹಾಗಿಲ್ಲ. ಸರಿಸಂಖ್ಯೆಗಳು ಎರಡನೇ, ನಾಲ್ಕನೇ, ಆರನೇ, ಎಂಟನೇ ಕುರ್ಚಿ ಬಿಟ್ಟು ಕದಲಲ್ಲ. ಹಾಗೆ ಒಬ್ಬೊಬ್ಬರ ಹಠ ಕೇಳ್ತಾ ಹೋದರೆ ಕೊನೆಗೆ ಬೆರಳೆಣಿಕೆಯಷ್ಟು ಸಾಲು ಉಳೀತವೆ. ಆಗ ಬರ್ತಾಳೆ ನೋಡಿ ಏಳು. ಅವಳು ಮನೆಯ ಹಿರಿಯತ್ತೆ. ಎಲ್ಲರೂ ಒಪ್ಪಿದ್ದನ್ನ ಅವಳು ಒಪ್ಪಲ್ಲ. ಉಳಿದ ಸಾಲನ್ನೆಲ್ಲ ಮೂಗು ಮುರಿದು ಆಚೆ ಹಾಕಿ, ಇದೊಂದಕ್ಕೆ ಮಾತ್ರ 'ಹೂಂ' ಅಂದಳು."

ಲೆಕ್ಕ ಕಬ್ಬಿಣದ ಕಡಲೆ ಅನ್ನುತ್ತಾರೆ. ನಾನು ಕಬ್ಬಿಣ ಮಾರುವವನು, ಕಡಲೆ ಅಗಿದವನಲ್ಲ. ಆದರೂ ಆ ದಿನ ಅಂಗಡಿ ಮುಚ್ಚುವಾಗ ಹಲಗೆಯ ಮುಂದೆ ಸುಮಾರು ಹೊತ್ತು ನಿಂತೆ. ಈ ಸಾಲನ್ನು ಯಾರೂ ಮಾಡಿದ್ದಲ್ಲ. ಅಂಕಿಯಣ್ಣ ಹುಟ್ಟುವ ಮೊದಲೂ ಇದು ಹೀಗೇ ಇತ್ತು. ನಮ್ಮ ಅಂಗಡಿ, ನಮ್ಮ ಬೀದಿ, ಎಣಿಸುವ ಜನ, ಯಾವುದೂ ಇಲ್ಲದಿದ್ದಾಗಲೂ ಐದು ಮಧ್ಯದಲ್ಲೇ ಕೂತಿತ್ತು, ಏಳು ಈ ಒಂದು ಸಾಲಿಗೇ ಒಪ್ಪಿತ್ತು. ನಾನು ಮಾರುವ ಬೀಗಗಳಲ್ಲಿ ಒಂದರ ಕೀಲಿಗೆ ಇನ್ನೊಂದು ಬೀಗ ತೆರೆಯುವುದುಂಟು, ನನಗೆ ಗೊತ್ತು, ಗಿರಾಕಿಗೆ ಹೇಳುವುದಿಲ್ಲ. ಇದು ಅಂಥ ಬೀಗವಲ್ಲ.

ಅಂಕಿಯಣ್ಣನ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತೇನೆ. ಅವಳಿಗೆ ಈ ವಿಷಯ ಹೇಳಿದ್ದೀಯಾ ಎಂದು ಅವನನ್ನು ಕೇಳಿದ್ದೆ. "ಶುರು ಮಾಡ್ತೀನಿ. ಅಷ್ಟರಲ್ಲಿ ಅವಳಿಗೆ ಒಲೆ ಮೇಲಿಟ್ಟ ಹಾಲು ನೆನಪಾಗುತ್ತೆ" ಎಂದ. "ಹಾಲು ಇಲ್ಲದ ದಿನವೂ ನೆನಪಾಗುತ್ತೆ."

ಹೀಗೆ ವರ್ಷಗಳು ಉರುಳಿದವು. ಊರಿನ ಅರ್ಧ ಬಾಗಿಲುಗಳ ಮೇಲೆ ಅವನ ಅಂಕಿಗಳು ಕೂತವು. ಹೋದ ವರ್ಷ, ಬಿಲ್ಲೆಯೊಂದಕ್ಕೆ ಬಣ್ಣ ಬಳಿಯುತ್ತಿದ್ದಾಗಲೇ ಬೆಂಚಿನ ಮೇಲೆ ಒರಗಿದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬಂದಾಗ ಬಲಗೈ ಅರ್ಧ ಸ್ವಾಧೀನಕ್ಕೆ ಬಂದಿತ್ತು, ಕಾಲು ಎಳೆಯುತ್ತಿತ್ತು, ಮಾತು ಹೋಗಿತ್ತು. ಪೂರ್ತಿ ಹೋಗಿದ್ದರೂ ಒಂದು ಲೆಕ್ಕವಿತ್ತು. ಒಂದೇ ಒಂದು ಮಾತು ಉಳಿದಿತ್ತು: "ಹಾಗಲ್ಲ."

ನೀರು ಬೇಕಾ ಎಂದರೆ "ಹಾಗಲ್ಲ" ಅನ್ನುತ್ತಿದ್ದ. ಕೊಟ್ಟರೆ ಗಟಗಟ ಕುಡಿಯುತ್ತಿದ್ದ. ನಾನು ನೋಡಲು ಹೋದಾಗ ಕಣ್ಣರಳಿಸಿ, ನನ್ನ ಕೈ ಹಿಡಿದು, "ಹಾಗಲ್ಲ, ಹಾಗಲ್ಲ" ಎಂದ. "ನಾನೇನೂ ಇನ್ನೂ ಹೇಳೇ ಇಲ್ವಲ್ಲೋ ಮಹರಾಯ" ಎಂದೆ. ನಗಲು ನೋಡಿದ, ಬಾಯಿ ಒಂದೇ ಕಡೆಗೆ ಹೋಯಿತು. ಅವನು ಒಳಗೆ ಇದ್ದಾನೋ, ಬರೀ ಮನೆ ಉಳಿದಿದೆಯೋ ಹೇಳುವುದು ಹೇಗೆ? ಹೌದು ಅಲ್ಲ ಎರಡಕ್ಕೂ ಒಂದೇ ಮಾತು.

ಅತ್ತಿಗೆಯ ತಮ್ಮ, ಸಾಮಾನು ಸಾಗಿಸುವ ವ್ಯಾನ್ ಓಡಿಸುವವನು, ಅವರ ಮನೆಗೇ ಬಂದು ಉಳಿದ. ಒಳ್ಳೆಯ ಹುಡುಗ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಒಂದು ಬೆಳಿಗ್ಗೆ ಭಾವ ಕೈಗವಸಿಲ್ಲದೆ ಭಟ್ಟಿಯ ಬಾಗಿಲ ಹಿಡಿಗೆ ಕೈ ಹಾಕಿದ್ದನ್ನು ಅವನು ಕಂಡ. ಪುಣ್ಯಕ್ಕೆ ಭಟ್ಟಿ ತಣ್ಣಗಿತ್ತು. ಅವತ್ತೇ ತೀರ್ಮಾನ ಮಾಡಿದ: ಭಟ್ಟಿ ಮನೆಯಿಂದ ಹೋಗಬೇಕು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬುದ್ಧಿ ನಿಲ್ಲದ ಮನುಷ್ಯನನ್ನೂ ಕೆಂಪಗೆ ಕಾಯುವ ಭಟ್ಟಿಯನ್ನೂ ಒಂದೇ ಸೂರಿನಡಿ ಇಡಲಾಗುವುದಿಲ್ಲ.

"ಭಟ್ಟಿ ಹೋದರೆ ಇವರು ಉಳಿಯಲ್ಲ" ಎಂದಳು ಅತ್ತಿಗೆ.

"ಭಟ್ಟಿ ಇದ್ದರೆ ಉಳೀತಾರಾ ಅಕ್ಕ?" ಎಂದ ತಮ್ಮ.

ಎತ್ತಲು ಗಟ್ಟಿ ಸರಪಳಿ ಬೇಕು ಎಂದು ನನಗೆ ಹೇಳಿ ಕಳಿಸಿದರು. ಹೆಗಲ ಮೇಲೆ ಸರಪಳಿ ಹಾಕಿಕೊಂಡು ನಾನೇ ಹೋದೆ. ಗಲ್ಲಿಯಲ್ಲಿ ವ್ಯಾನು ಹಿಂಬದಿ ಬಾಗಿಲು ತೆರೆದು ನಿಂತಿತ್ತು. ಕಾರ್ಖಾನೆ ಕೋಣೆಯಲ್ಲಿ ಅಂಕಿಯಣ್ಣ ಬೆಂಚಿನ ಮುಂದೆ ಕೂತಿದ್ದ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನೀವೇ ನೋಡಿ ಸಾವ್ಕಾರ್ರೆ" ಎಂದ ಭಾಮೈದ. "ಆಮೇಲೆ ನಾನು ಕಟುಕ ಅನ್ನಬೇಡಿ. ಒಂದರಿಂದ ಒಂಬತ್ತು ಜೋಡಿಸೋಕೆ ಹೇಳಿ, ತಲೆಗೆ ಅಭ್ಯಾಸ ಆಗುತ್ತೆ ಅಂತ ಆಸ್ಪತ್ರೇಲಿ ಹೇಳಿದ್ದರು. ಇವರೇ ಮಾಡಿದ ಬಿಲ್ಲೆ, ಇವರದೇ ಬೆಂಚು. ಮೂರು ಸಲ ಕೊಟ್ಟೆ. ಮೂರು ಸಲವೂ ಹೀಗೆ."

"ಹೀಗೇ" ಎಂದಳು ಅತ್ತಿಗೆ. "ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ. ಬುದ್ಧಿ ಕೆಟ್ಟರೆ ಸಲಕ್ಕೊಂದು ಥರ ಕೆಡಬೇಕಲ್ವಾ? ಇದೇನೋ ಹಟ ಮಾಡಿದ ಹಾಗಿದೆ."

ನಾನು ಬೆಂಚಿನ ಈಚೆ ಬಂದು ನೋಡಿದೆ. ಮೂರು, ಎಂಟು, ಒಂದು, ಆರು, ಐದು, ನಾಲ್ಕು, ಏಳು, ಎರಡು, ಒಂಬತ್ತು.

ಹೆಗಲ ಮೇಲಿದ್ದ ಸರಪಳಿಯನ್ನು ನೆಲಕ್ಕಿಟ್ಟೆ. ಮೂರೂವರೆ ಲಕ್ಷ ಬಾಗಿಲುಗಳ ಬೀದಿಯಲ್ಲಿ, ಮಾತಿಲ್ಲದ ಮನುಷ್ಯ ಮೂರು ಸಲ ನಡೆದು, ಮೂರು ಸಲವೂ ಅದೇ ಒಂದು ಬಾಗಿಲನ್ನು ತಟ್ಟಿದ್ದ.

"ತಮ್ಮಾ, ನಿನ್ನ ಭಾವ ತಪ್ಪು ಮಾಡಿಲ್ಲ. ಫೋನ್ ತೆಗಿ" ಎಂದೆ. ಅಂಗೈಯಿಂದ ಸಾಲು ಮುಚ್ಚಿ, ಅಂಕಿಯಣ್ಣ ಅಂದು ನನಗೆ ತೋರಿಸಿದ ಹಾಗೇ ಒಂದೊಂದೇ ಬಿಚ್ಚುತ್ತ ಭಾಗಿಸಲು ಹೇಳಿದೆ. ಏಳಕ್ಕೆ ಬಂದಾಗ ಭಾಮೈದನ ಹುಬ್ಬು ಮೇಲೇರಿತು. ಒಂಬತ್ತಕ್ಕೆ ಬಂದಾಗ ಅತ್ತಿಗೆ ಸೆರಗು ಬಿಟ್ಟು ನೋಡುತ್ತಿದ್ದಳು. ಅಂಕಿಯಣ್ಣ ಮಾತ್ರ ನನ್ನನ್ನೇ ನೋಡುತ್ತಿದ್ದ, ಬಹಳ ದಿನದ ಮೇಲೆ ತನ್ನ ಭಾಷೆಯವನು ಸಿಕ್ಕ ಹಾಗೆ.

ಆದರೆ ಭಾಮೈದ ಸುಲಭದ ಗಿರಾಕಿಯಲ್ಲ.

"ಚೆನ್ನಾಗಿದೆ, ಒಪ್ಪಿದೆ. ಆದರೆ ಇದು ಕೈಗೆ ಬಂದ ಅಭ್ಯಾಸ ಸಾವ್ಕಾರ್ರೆ. ನಿದ್ದೆಗಣ್ಣಲ್ಲಿ ನಾನೂ ಗೇರ್ ಹಾಕ್ತೀನಿ. ತಲೆ ಓಡ್ತಿದೆ ಅನ್ನೋಕೆ ಇದು ಸಾಕಾ? ಭಟ್ಟಿ ಎದುರಿಗೆ ನಿಲ್ಲಿಸೋಕೆ ಸಾಕಾ?"

ನ್ಯಾಯವಾದ ಮಾತು. ಒಳ್ಳೆಯ ಗಿರಾಕಿ ಕೂಡ ಸರಕನ್ನು ತಟ್ಟಿ ನೋಡುತ್ತಾನೆ.

ಭಾಮೈದ ಬಿಲ್ಲೆಗಳನ್ನು ಕಲಸಿ, ತಾನೇ ಜೋಡಿಸಿದ. ಯಾವ ಯೋಚನೆಯೂ ಇಲ್ಲದೆ, ಎಲ್ಲರೂ ಮಾಡುವ ಹಾಗೆ, ಹಿಂದಿನಿಂದ ಮುಂದಕ್ಕೆ: ಒಂಬತ್ತು, ಎಂಟು, ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು.

"ಭಾವ, ಇದು ಸರಿಯಾ?"

ಅಂಕಿಯಣ್ಣ ಸಾಲನ್ನು ನೋಡಿದ. ಆಮೇಲೆ ಎಡ ಅಂಗೈಯನ್ನು ಅದರ ಮೇಲಿಟ್ಟ. ಮೊದಲ ಬಿಲ್ಲೆ ಬಿಚ್ಚಿದ, ಸರಿ ಎಂಬಂತೆ ತಲೆಯಾಡಿಸಿದ. ಎರಡನೆಯದು, ತಲೆಯಾಡಿಸಿದ. ಮೂರು. ನಾಲ್ಕು. ಐದು. ಆರು. ಪ್ರತಿ ಸಲವೂ ನಿಂತು, ಕಣ್ಣು ಮುಚ್ಚಿ, ತುಟಿ ಅಲುಗಿಸಿ, ತಲೆಯಾಡಿಸುತ್ತಿದ್ದ. ಅಯ್ಯೋ, ಇವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಾನಲ್ಲ ಎಂದುಕೊಂಡೆ. ಏಳನೆಯ ಬಿಲ್ಲೆ ಬಿಚ್ಚಿದ. ಕಣ್ಣು ಮುಚ್ಚಿದ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಅಲುಗುವ ಬಲಗೈಯ ಬೆರಳಿನಿಂದ ಆ ಮೂರರ ಬಿಲ್ಲೆಯನ್ನು ಸಾಲಿನಿಂದ ಹೊರಕ್ಕೆ, ಭಾಮೈದನ ಕಡೆಗೆ ತಳ್ಳಿದ.

"ಹಾಗಲ್ಲ" ಎಂದ.

ಆ ಮಾತು ತನ್ನ ಜಾಗದಲ್ಲಿ ಬಂದು ಕೂತದ್ದನ್ನು ನಾವು ಮೂವರೂ ಕೇಳಿದೆವು.

ಭಾಮೈದ ಫೋನಿನಲ್ಲಿ ಒತ್ತತೊಡಗಿದ. ತೊಂಬತ್ತೆಂಟು, ಎರಡರಿಂದ: ಸರಿ. ಒಂಬೈನೂರ ಎಂಬತ್ತೇಳು, ಮೂರರಿಂದ: ಸರಿ. ನಾಲ್ಕು ಸರಿ, ಐದು ಸರಿ, ಆರು ಸರಿ. ಅವನ ಕೈ ನಿಧಾನವಾಯಿತು. ಏಳಂಕಿ ಒತ್ತಿ, ಏಳರಿಂದ ಭಾಗಿಸಿದ. ಚುಕ್ಕೆ ಬಂತು. ಚುಕ್ಕೆಯ ಹಿಂದೆ ಅಂಕಿಗಳ ದಂಡೇ ಬಂತು.

ಅವನು ಮುಂದೆಯೂ ನೋಡಿದ. ಎಂಟಕ್ಕೆ ಸರಿಹೋಯಿತು, ಒಂಬತ್ತಕ್ಕೂ ಸರಿಹೋಯಿತು. ನಾವೆಲ್ಲ ಮಕ್ಕಳಾಗಿದ್ದಾಗಿನಿಂದ ಹಿಂದುಮುಂದಾಗಿ ಎಣಿಸುತ್ತ ಬಂದ ಆ ಸಾಲು ಎಲ್ಲ ನೆಂಟರನ್ನೂ ಒಪ್ಪಿಸಿ, ಒಬ್ಬಳ ಹತ್ತಿರ ಮಾತ್ರ ಬಿದ್ದುಹೋಗಿತ್ತು. ಹಿರಿಯತ್ತೆ! ನಮ್ಮ ಬಾಯಲ್ಲೇ ಇಷ್ಟು ವರ್ಷ ಇದ್ದದ್ದು ನಮಗೆ ತಿಳಿದಿರಲಿಲ್ಲ.

ಭಾಮೈದ ಕೂತುಬಿಟ್ಟ.

"ಇದನ್ನೂ ಯಾವಾಗಲೋ ಆಡಿ ನೋಡಿರ್ತಾರೆ" ಎಂದ, ಆದರೆ ದನಿಯಲ್ಲಿ ಮೊದಲಿನ ಬಲವಿರಲಿಲ್ಲ.

"ಹಾಗಾದರೆ ನಾನು ಇಡ್ತೀನಿ" ಎಂದಳು ಅತ್ತಿಗೆ. "ನಾನು ಒಂದು ದಿನಕ್ಕೂ ಇದನ್ನ ಮುಟ್ಟಿದೋಳಲ್ಲ. ನನ್ನ ಆಟ ಇವರಿಗೆ ಹೇಗೆ ಗೊತ್ತಿರುತ್ತೆ?" ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕನ್ನು ಇಟ್ಟಳು. ಪಕ್ಕದಲ್ಲಿ ಏಳನ್ನು ಇಟ್ಟಳು. ಮೂರನೆಯದಕ್ಕೆ ಕೈ ಹಾಕುವ ಮೊದಲೇ ಗಂಡನ ಬೆರಳು ಏಳನ್ನು ತಳ್ಳಿತು.

"ಹಾಗಲ್ಲ."

"ನಲವತ್ತೇಳು" ಎಂದೆ ನಾನು. "ಎರಡರಿಂದ ಹೋಗಲ್ಲ ಅತ್ತಿಗೆ."

"ಎರಡನೇ ಹೆಜ್ಜೆಗೇ ಬೀಳಿಸಿಬಿಟ್ಟರಲ್ಲ ನನ್ನ!" ಎಂದು ಅವಳು ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ಏಳನ್ನು ತೆಗೆದು ಎಂಟನ್ನು ಇಟ್ಟು, ಗಂಡನ ಮುಖ ನೋಡಿದಳು. ಅವನು ಅಂಗೈ ಮುಂದಕ್ಕೆ ಚಾಚಿದ, ಮುಂದೆ ಇಡು ಎನ್ನುವ ಹಾಗೆ. ನಾನು ಹೊರಟಾಗ ಅವರು ನಾಲ್ಕನೆಯ ಬಿಲ್ಲೆಯ ಹತ್ತಿರ ಜಗಳ ಆಡುತ್ತಿದ್ದರು. ಒಲೆಯ ಮೇಲೆ ಆ ದಿನ ನಿಜವಾಗಿಯೂ ಹಾಲಿತ್ತು. ಉಕ್ಕಿ ಹರಿದು ಸೀದ ವಾಸನೆ ಬಂದರೂ ಅತ್ತಿಗೆ ಏಳಲಿಲ್ಲ.

ಭಾಮೈದ ಗಲ್ಲಿಯವರೆಗೆ ಬಂದು ವ್ಯಾನಿನ ಬಾಗಿಲು ಹಾಕಿದ. ಸರಪಳಿಯನ್ನು ನನ್ನ ಹೆಗಲ ಮೇಲೆ ತಾನೇ ಹಾಕಿದ.

"ಕೈಗವಸು ಒಂದು ಜೊತೆ ಕಳಿಸಿ ಸಾವ್ಕಾರ್ರೆ. ನನ್ನ ಅಳತೇದು. ಭಟ್ಟಿ ಬಾಗಿಲು ನಾನು ತೆಗೀತೀನಿ. ಒಳಗೆ ಏನು ಇಡಬೇಕು ಅನ್ನೋದು ಅವರು ನೋಡ್ಕೊಳ್ಳಲಿ."

ಕೈಗವಸಿಗೆ ನಾನು ದುಡ್ಡು ಹಿಡಿಯಲಿಲ್ಲ. ಇದನ್ನು ಯಾರಿಗೂ ಹೇಳಬೇಡಿ, ಪೇಟೆಯಲ್ಲಿ ಹೆಸರು ಕೆಡುತ್ತದೆ.

ಮಾತು ತಿರುಗಿ ಬರಲಿಲ್ಲ, ಈಗಲೂ ಅದೊಂದೇ ಮಾತು. ಆದರೆ ಮನೆಯಲ್ಲಿ ಯಾರೂ ಅವನನ್ನು ಬಾಯಿಂದ ಕೇಳುವುದಿಲ್ಲ, ಬಿಲ್ಲೆ ಇಟ್ಟು ಕೇಳುತ್ತಾರೆ. ಎಷ್ಟು ಗಂಟೆಗೆ ಏಳಿಸಬೇಕು, ಎಷ್ಟು ಚಮಚ ಸಕ್ಕರೆ, ಯಾವ ನಂಬರಿನ ಮನೆಗೆ ಬಿಲ್ಲೆ ಬೇಕಾಗಿದೆ. ಅವನು ಬೆರಳಿನಿಂದ ತಳ್ಳುತ್ತಾನೆ ಅಥವಾ ಅಂಗೈ ಮುಂದಕ್ಕೆ ಚಾಚುತ್ತಾನೆ.

ಕಳೆದ ತಿಂಗಳು ಭಾಮೈದನ ವ್ಯಾನಿನಲ್ಲಿ ಕೂತು ಅಂಗಡಿಗೆ ಬಂದ. ಕಾಲೆಳೆಯುತ್ತ ಗಲ್ಲಾದ ಹತ್ತಿರ ಬಂದು, ಜೇಬಿನಿಂದ ಕಾಗದ ಸುತ್ತಿದ ಒಂದು ಬಿಲ್ಲೆ ತೆಗೆದ. ಲಕ್ವ ಹೊಡೆದ ಮೇಲೆ ಅವನು ಬರೆದ ಮೊದಲ ಅಂಕಿ. ಕೈ ನಡುಗಿ ಒಂದು ಕಡೆ ಉಬ್ಬಿದ, ಒಂದು ಕಡೆ ಸೊರಗಿದ ಸೊನ್ನೆ.

"ಲೇ, ಸೊನ್ನೆ ಬೇಡ ಅಂದಿದ್ದೆನಲ್ಲೋ" ಎಂದೆ.

"ಹಾಗಲ್ಲ" ಎಂದು ಹಲಗೆಯ ಕೊನೆಗೆ ಬೆರಳು ತೋರಿಸಿದ. ಒಂಬತ್ತರ ಬಲಕ್ಕೆ ಒಂದು ಬಿಲ್ಲೆಯಷ್ಟು ಜಾಗ. ಇಷ್ಟು ವರ್ಷ ಆ ಜಾಗವನ್ನು ದಿನವೂ ಒರೆಸಿದ್ದೇನೆ, ಯಾಕೆ ಖಾಲಿ ಬಿಟ್ಟಿದ್ದಾನೆಂದು ಕೇಳಿರಲಿಲ್ಲ. ಮೊಳೆ ಹೊಡೆದೆ. ಹತ್ತಂಕಿಯಾಯಿತು. ಹತ್ತರಿಂದ ಭಾಗಿಸಲು ಕ್ಯಾಲ್ಕುಲೇಟರ್ ಬೇಕಾಗಲಿಲ್ಲ. ಇರುವ ಅಂಕಿಗಳೆಲ್ಲ, ಒಂದೊಂದೂ ಒಂದೊಂದೇ ಸಲ, ಒಬ್ಬರ ಮೇಲೊಬ್ಬರಿಗೆ ದೂರಿಲ್ಲದೆ ಸಾಲಾಗಿ ಕೂತವು.

ನಾವಿಬ್ಬರೂ ಅದನ್ನು ನೋಡುತ್ತ ನಿಂತೆವು. ಹಿಂದೆ ಗಿರಾಕಿಯೊಬ್ಬ ಕೆಮ್ಮಿದ.

"ಚಿಲಕ ತೋರಿಸ್ತೀರಾ?"

"ಸ್ವಲ್ಪ ಇರಿ" ಎಂದೆ.